ಇಸಿಜಿಗೆ ಕ್ಯೂ ನಿಂತೆವು, ಎದೆ ಒತ್ತುವುದು ಕಲಿಯಲಿಲ್ಲ

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡರು. ವಯಸ್ಸು ಬರೀ 46. ಅದಾದ ಮೇಲೆ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಜನವೋ ಜನ. ಎಂದೂ ಆಸ್ಪತ್ರೆ ಮೆಟ್ಟಿಲು ಹತ್ತದ ಹುಡುಗರೂ ಹೃದಯ ತೋರಿಸಿಕೊಳ್ಳಲು ಬಂದರು. 2025ರ ಜೂನ್-ಜುಲೈನಲ್ಲಿ ಹಾಸನದ ಕಡೆಯಿಂದ ಒಂದರ ಹಿಂದೆ ಒಂದು ಹಠಾತ್ ಸಾವಿನ ಸುದ್ದಿ ಬಂದಾಗ ಮತ್ತೆ ಅದೇ ಕಥೆ. ಬೆಂಗಳೂರು, ಮೈಸೂರು ಎರಡೂ ಕಡೆ ಜಯದೇವದ ಮುಂದೆ ಉದ್ದುದ್ದ ಸಾಲು. ಗಾಬರಿ ಬೇಡ ಅಂತ ಡಾಕ್ಟರುಗಳೇ ಟಿವಿಯಲ್ಲಿ ಕೂತು ಹೇಳಬೇಕಾಯಿತು.

ತಪಾಸಣೆ ಮಾಡಿಸಿಕೊಂಡಿದ್ದು ತಪ್ಪೇನಲ್ಲ. ನಮ್ಮ ದೇಶದವರಿಗೆ ಹೃದಯದ ಕಾಯಿಲೆ ಪಾಶ್ಚಾತ್ಯ ದೇಶದವರಿಗಿಂತ ಸುಮಾರು ಹತ್ತು ವರ್ಷ ಮೊದಲೇ ಬರುತ್ತದೆ. ಆದರೆ ಇಸಿಜಿ ಹೇಳುವುದು ಆ ಹೊತ್ತಿನ ಮಾತು. ಇವತ್ತು ನಾರ್ಮಲ್ ಅಂತ ಬರೆದುಕೊಟ್ಟ ಚೀಟಿ ನಾಳೆಗೆ ಗ್ಯಾರಂಟಿ ಕೊಡುವುದಿಲ್ಲ. ನಾಳೆ ಮನೆಯ ಹಾಲ್‌ನಲ್ಲಿ ಯಾರಾದರೂ ಧಡ್ ಅಂತ ಬಿದ್ದರೆ ಮುಂದಿನ ಹತ್ತು ನಿಮಿಷ ಏನು ಮಾಡಬೇಕು? ಆ ಪಾಠಕ್ಕೆ ಎಲ್ಲೂ ಸಾಲು ಕಾಣಲಿಲ್ಲ. ಎರಡೂ ಸಲ ಕಾಣಲಿಲ್ಲ.

ಈ ಲೇಖನ ಆ ಹತ್ತು ನಿಮಿಷದ್ದು.

ಎರಡು ಬೇರೆ ಬೇರೆ ಕಾಯಿಲೆ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಹಾರ್ಟ್ ಅಟ್ಯಾಕ್ ಬೇರೆ, ಕಾರ್ಡಿಯಾಕ್ ಅರೆಸ್ಟ್ ಬೇರೆ. ಪೇಪರಿನವರೂ ಎಷ್ಟೋ ಸಲ ಎರಡನ್ನೂ ಒಂದೇ ಮಾಡಿ ಬರೆಯುತ್ತಾರೆ.

ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಹತ್ತಿಸುವ ಮೋಟರ್ ಇದೆಯಲ್ಲ, ಅದನ್ನೇ ನೆನೆಸಿಕೊಳ್ಳಿ. ಪೈಪಿನಲ್ಲಿ ಏನೋ ಕಟ್ಟಿಕೊಂಡರೂ ಮೋಟರ್ ಕಷ್ಟಪಟ್ಟು ಓಡುತ್ತಿರುತ್ತದೆ. ಹಾರ್ಟ್ ಅಟ್ಯಾಕ್ ಸುಮಾರಾಗಿ ಹಾಗೆ. ವ್ಯತ್ಯಾಸ ಏನೆಂದರೆ, ಇಲ್ಲಿ ಕಟ್ಟಿಕೊಳ್ಳುವುದು ಹೃದಯದ ಸ್ನಾಯುವಿಗೇ ರಕ್ತ ಕೊಡುವ ನಾಳ. ಮನುಷ್ಯನಿಗೆ ಎದೆನೋವು, ಬೆವರು, ಎಡಗೈಗೋ ದವಡೆಗೋ ಹರಿಯುವ ನೋವು, ಸುಸ್ತು. ಆದರೆ ಪ್ರಜ್ಞೆ ಇರುತ್ತದೆ, ಮಾತಾಡುತ್ತಾನೆ. ಇನ್ನೊಂದರಲ್ಲಿ ಕೆಡುವುದು ವೈರಿಂಗ್. ಹೃದಯಕ್ಕೆ ತನ್ನದೇ ಕರೆಂಟ್ ಇದೆ. ಅದು ದಿಕ್ಕಾಪಾಲಾದರೆ ಹೃದಯ ಬಡಿಯುವುದು ಬಿಟ್ಟು ಸುಮ್ನೆ ನಡುಗುತ್ತದೆ. ರಕ್ತ ಒಂದು ಹನಿಯೂ ಮುಂದೆ ಹೋಗುವುದಿಲ್ಲ. ಇದು ಕಾರ್ಡಿಯಾಕ್ ಅರೆಸ್ಟ್. ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತದೆ, ಉಸಿರು ನಿಲ್ಲುತ್ತದೆ.

ಹಾರ್ಟ್ ಅಟ್ಯಾಕ್ ಆದವರಿಗೆ ಆಮೇಲೆ ಕಾರ್ಡಿಯಾಕ್ ಅರೆಸ್ಟ್ ಆಗಬಹುದು, ಅದಕ್ಕೇ ಎರಡೂ ಒಂದೇ ಅನ್ನಿಸುವುದು. ಸಿಪಿಆರ್, ಅಂದರೆ ಎದೆ ಒತ್ತಿ ರಕ್ತ ಹರಿಸುವುದು, ಬೇಕಾಗುವುದು ಎರಡನೆಯದಕ್ಕೆ ಮಾತ್ರ. ಎದೆ ಹಿಡಿದುಕೊಂಡು ಕೂತು ಮಾತಾಡುತ್ತಿರುವವರ ಎದೆ ಒತ್ತಬಾರದು. ಅವರಿಗೆ ಬೇಕಾದ್ದು ಆ್ಯಂಬುಲೆನ್ಸ್. ನಮ್ಮಲ್ಲಿ ಆಗುವುದು ಬೇರೆ. 'ಏನಿಲ್ಲ, ಗ್ಯಾಸ್ಟ್ರಿಕ್ ಇರ್ಬೇಕು' ಅಂತ ಒಂದು ಸೋಡಾ, ಒಂದು ಈನೋ, ಆಮೇಲೆ ಜೀರಿಗೆ ಕಷಾಯ. ಎರಡು ಗಂಟೆ ಹೀಗೇ ಹೋಗುತ್ತದೆ. ಕೊನೆಗೆ ತಾವೇ ಸ್ಕೂಟರ್ ಓಡಿಸಿಕೊಂಡು ಆಸ್ಪತ್ರೆಗೆ ಹೊರಡುವವರೂ ಇದ್ದಾರೆ. ದಯವಿಟ್ಟು ಬೇಡ.

ವಾಟ್ಸಾಪಿನಲ್ಲಿ ಇನ್ನೊಂದು ಮೆಸೇಜು ವರ್ಷಗಳಿಂದ ಸುತ್ತುತ್ತಿದೆ. ಒಬ್ಬರೇ ಇದ್ದಾಗ ಹಾರ್ಟ್ ಅಟ್ಯಾಕ್ ಆದರೆ ಜೋರಾಗಿ ಕೆಮ್ಮುತ್ತಾ ಇರಿ, ಬದುಕುತ್ತೀರಿ ಅಂತ. ಕೆಮ್ಮುತ್ತಾ ಕೂತು ಹಾಳುಮಾಡುವ ಹೊತ್ತಿನಲ್ಲಿ 108ಕ್ಕೆ ಫೋನ್ ಮಾಡಿ ಬಾಗಿಲ ಚಿಲಕ ತೆಗೆದಿಟ್ಟರೆ ಎಷ್ಟೋ ಮೇಲು.

ಹತ್ತು ನಿಮಿಷ ಯಾಕೆ?

ರಕ್ತ ನಿಂತ ಮೇಲೆ ಮಿದುಳು ನಾಲ್ಕರಿಂದ ಆರು ನಿಮಿಷದಲ್ಲಿ ಹಾಳಾಗಲು ಶುರುವಾಗುತ್ತದೆ. ಯಾರೂ ಏನೂ ಮಾಡದೆ ನಿಂತರೆ ಬದುಕುವ ಸಾಧ್ಯತೆ ನಿಮಿಷಕ್ಕೆ ನೂರಕ್ಕೆ 7ರಿಂದ 10ರಷ್ಟು ಇಳಿಯುತ್ತಾ ಹೋಗುತ್ತದೆ. ಅಂದರೆ ಹತ್ತು ನಿಮಿಷ ಕಳೆದ ಮೇಲೆ ಕೈಯಲ್ಲಿ ಉಳಿಯುವುದು ಬಹಳ ಕಮ್ಮಿ.

ಈಗ ಬೆಂಗಳೂರಿನ ಸಂಜೆ ಆರೂವರೆ ಗಂಟೆ ನೆನೆಸಿಕೊಳ್ಳಿ. ಕರ್ನಾಟಕದಲ್ಲಿ 108 ಆರೋಗ್ಯ ಕವಚ ಶುರುವಾಗಿದ್ದು 2008ರಲ್ಲಿ. ಟ್ರಾಫಿಕ್ಕಿನಲ್ಲಿ ನುಗ್ಗಲಿ ಅಂತ 2015ರಲ್ಲಿ ಬೈಕ್ ಆ್ಯಂಬುಲೆನ್ಸ್ ಕೂಡ ಬಿಟ್ಟರು. ಡ್ರೈವರು ಎಷ್ಟೇ ಜಾಣನಿರಲಿ, ಸಿಲ್ಕ್ ಬೋರ್ಡ್ ಅಥವಾ ಕೆ.ಆರ್. ಪುರದ ಹತ್ತಿರ ಆ ಹೊತ್ತಿನಲ್ಲಿ ಅವನೂ ಮನುಷ್ಯನೇ. ಫೋನ್ ಎತ್ತಿ, ವಿಳಾಸ ಕೇಳಿ, ಗಾಡಿ ಹೊರಟು, ಅಪಾರ್ಟ್‌ಮೆಂಟಿನ ಗೇಟು ದಾಟಿ, ಲಿಫ್ಟಿಗೆ ಕಾದು ಏಳನೇ ಮಹಡಿಗೆ ಬರಬೇಕು. ಹತ್ತು ನಿಮಿಷಕ್ಕೆ ಬಂದರೆ ಅದು ಪವಾಡ. ಲಂಡನ್, ನ್ಯೂಯಾರ್ಕಿನಲ್ಲೂ ನಾಲ್ಕು ನಿಮಿಷಕ್ಕೆ ಬಾಗಿಲು ತಟ್ಟುತ್ತಾರೆ ಅನ್ನುವ ಭರವಸೆ ಇಲ್ಲ. ಹಾಗಾಗಿ ಇದು ಬರೀ ನಮ್ಮ ರಸ್ತೆಯ ತಕರಾರಲ್ಲ. ಈ ಕಾಯಿಲೆ ಆ್ಯಂಬುಲೆನ್ಸ್‌ಗೆ ಕಾಯುವುದೇ ಇಲ್ಲ.

ಎದೆ ಒತ್ತಿದರೆ ಏನಾಗುತ್ತದೆ? ಹೃದಯ ಇರುವುದು ಮುಂದಿನ ಎದೆಮೂಳೆಗೂ ಹಿಂದಿನ ಬೆನ್ನುಮೂಳೆಗೂ ನಡುವೆ. ಮೇಲಿಂದ ಜೋರಾಗಿ ಅದುಮಿದರೆ ರಕ್ತ ಹೊರಕ್ಕೆ ಹೋಗುತ್ತದೆ. ಕೈ ಎತ್ತಿದರೆ ಎದೆ ಮತ್ತೆ ಉಬ್ಬಿ ಹೃದಯ ತುಂಬಿಕೊಳ್ಳುತ್ತದೆ. ಎಷ್ಟೇ ಚೆನ್ನಾಗಿ ಒತ್ತಿದರೂ ಸರಿಯಿರುವ ಹೃದಯ ದೂಡುವ ರಕ್ತದ ಕಾಲುಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ ಮಾತ್ರ ಹರಿಯುತ್ತದೆ. ಅಷ್ಟೇನಾ ಅನ್ನಿಸಬಹುದು. ಮಿದುಳು ಸಾಯದೆ ಉಳಿಯಲು ಅಷ್ಟು ಆಸರೆಯಾಗುತ್ತದೆ. ಸಿಪಿಆರ್ ಮಾಡಿದ ತಕ್ಷಣ ಮನುಷ್ಯ ಸಿನಿಮಾದಲ್ಲಿ ಎದ್ದ ಹಾಗೆ ಕೆಮ್ಮಿ ಎದ್ದು ಕೂರುವುದು ಅಪರೂಪ. ನೀವು ಮಾಡುತ್ತಿರುವುದು ಹೊತ್ತು ಕೊಳ್ಳುವ ಕೆಲಸ.

ಇದು ಗೊತ್ತಾಗಿದ್ದೂ ಒಂಥರಾ ಆಕಸ್ಮಿಕವೇ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಶಾಕ್ ಕೊಡುವ ಯಂತ್ರದ ಪ್ರಯೋಗ ನಡೆಯುತ್ತಿತ್ತು. ಯಂತ್ರದ ಭಾರದ ಪ್ಯಾಡಲ್‌ಗಳನ್ನು ನಾಯಿಯ ಎದೆಗೆ ಅದುಮಿದಾಗ, ಶಾಕ್ ಕೊಡುವ ಮೊದಲೇ, ರಕ್ತದೊತ್ತಡ ಸ್ವಲ್ಪ ಏರಿದ್ದನ್ನು ನಿಕರ್‌ಬಾಕರ್ ಎಂಬ ಯುವ ಸಂಶೋಧಕ ಗಮನಿಸಿದರು. ಕೌವನ್‌ಹೋವನ್, ಜೂಡ್, ನಿಕರ್‌ಬಾಕರ್ ಮೂವರೂ ಸೇರಿ 1960ರಲ್ಲಿ ಬರೆದ ಪ್ರಬಂಧದಲ್ಲಿ ಹೇಳಿದ ಮಾತಿನ ಸಾರ ಇಷ್ಟು: ಇನ್ನು ಯಾರು ಬೇಕಾದರೂ ಎಲ್ಲಿ ಬೇಕಾದರೂ ಇದನ್ನು ಶುರು ಮಾಡಬಹುದು, ಬೇಕಾಗಿರುವುದು ಎರಡು ಕೈ. ಆ ಮಾತು ಬಂದು ಅರವತ್ತು ವರ್ಷ ದಾಟಿತು.

ಏನು ಮಾಡಬೇಕು

ಬಿದ್ದವರ ಎರಡೂ ಭುಜ ತಟ್ಟಿ, ಜೋರಾಗಿ ಕೂಗಿ. 'ರೀ, ಕೇಳಿಸ್ತಿದ್ಯಾ?' ಉತ್ತರ ಇಲ್ಲ. ಎದೆ ಏರಿಳಿಯುತ್ತಿದೆಯಾ ನೋಡಿ, ಹತ್ತು ಸೆಕೆಂಡಿಗಿಂತ ಜಾಸ್ತಿ ಬೇಡ. ನಾಡಿ ಹುಡುಕಲು ಹೋಗಬೇಡಿ. ಗಾಬರಿಯಲ್ಲಿ ನಮ್ಮದೇ ನಾಡಿ ಬೆರಳಿಗೆ ಸಿಕ್ಕಿ ಅವರದು ಅಂದುಕೊಳ್ಳುತ್ತೇವೆ.

ಇಲ್ಲೇ ಬಹಳ ಜನ ಮೋಸ ಹೋಗುವ ಜಾಗ ಇದೆ. ಹೃದಯ ನಿಂತ ಮೊದಲ ಕೆಲವು ನಿಮಿಷ ಕೆಲವರಿಗೆ ಗೊರಕೆಯಂಥ ಸದ್ದು ಬರುತ್ತದೆ. ಬಾಯಿ ತೆರೆದು ಬಿಟ್ಟು ಬಿಟ್ಟು ಎಳೆದುಕೊಳ್ಳುತ್ತಾರೆ. ನೋಡುವವರಿಗೆ 'ಉಸಿರಾಡ್ತಿದಾರೆ, ಏನೂ ಆಗಿಲ್ಲ' ಅನ್ನಿಸುತ್ತದೆ. ಅದು ಉಸಿರಲ್ಲ. ಮಿದುಳು ಕೊನೆಯದಾಗಿ ಒದ್ದಾಡುವುದು. ಎಚ್ಚರ ಇಲ್ಲ, ಸರಿಯಾದ ಉಸಿರಾಟ ಇಲ್ಲ ಅಂದರೆ ಶುರು ಮಾಡಿ.

108ಕ್ಕೋ 112ಕ್ಕೋ ಫೋನ್ ಮಾಡಿ ಸ್ಪೀಕರ್ ಹಾಕಿ ನೆಲದ ಮೇಲಿಡಿ. ಪಕ್ಕದಲ್ಲಿ ಯಾರಾದರೂ ಇದ್ದರೆ 'ಯಾರಾದ್ರೂ ಫೋನ್ ಮಾಡ್ರಪ್ಪಾ' ಅನ್ನಬೇಡಿ, ಯಾರೂ ಮಾಡುವುದಿಲ್ಲ. 'ಕೆಂಪು ಶರ್ಟ್, ನೀವು 108ಕ್ಕೆ ಮಾಡಿ' ಅಂತ ಬೆರಳು ತೋರಿಸಿ ಹೇಳಿ. ಇನ್ನೊಬ್ಬರನ್ನು ಗೇಟಿಗೆ ಕಳಿಸಿ. ಮಂಚದ ಮೇಲಿದ್ದರೆ ನೆಲಕ್ಕೆ ಇಳಿಸಿಕೊಳ್ಳಿ. ಹಾಸಿಗೆ ಮೇಲೆ ಒತ್ತಿದರೆ ಎದೆ ತಗ್ಗುವುದಿಲ್ಲ, ಹಾಸಿಗೆ ತಗ್ಗುತ್ತದೆ.

ಎದೆಯ ನಟ್ಟನಡುವೆ, ಎದೆಮೂಳೆಯ ಕೆಳಗಿನ ಅರ್ಧದ ಮೇಲೆ ಒಂದು ಅಂಗೈಯ ಬುಡ ಇಡಿ. ಎಡಕ್ಕಲ್ಲ, ನಡುವೆ. ಅದರ ಮೇಲೆ ಇನ್ನೊಂದು ಕೈ ಇಟ್ಟು ಬೆರಳು ಹೆಣೆದುಕೊಳ್ಳಿ. ಮೊಣಕೈ ನೆಟ್ಟಗೆ, ನಿಮ್ಮ ಭುಜ ಅವರ ಎದೆಯ ನೇರಕ್ಕೆ. ಈಗ ಮೈಭಾರ ಹಾಕಿ ಐದು ಸೆಂಟಿಮೀಟರ್, ಅಂದರೆ ಎರಡು ಇಂಚು ಒತ್ತಿ. ಆರು ಸೆಂಟಿಮೀಟರ್ ದಾಟುವುದು ಬೇಡ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಿ. ನಿಮಿಷಕ್ಕೆ 100ರಿಂದ 120 ಸಲ, ಹತ್ತಿರತ್ತಿರ ಸೆಕೆಂಡಿಗೆ ಎರಡು. ಎಣಿಸುವಾಗ ಒಂದರಿಂದ ಹತ್ತಕ್ಕೆ ಎಣಿಸಿ ಮತ್ತೆ ಒಂದಕ್ಕೆ ಬನ್ನಿ. ಹತ್ತು ದಾಟಿದ ಮೇಲೆ ಕನ್ನಡದ ಎಣಿಕೆ ಉದ್ದ, 'ಇಪ್ಪತ್ತೇಳು' ಅನ್ನುವಷ್ಟರಲ್ಲಿ ಒಂದು ಒತ್ತು ತಪ್ಪಿರುತ್ತದೆ.

ಬಾಯಿಗೆ ಬಾಯಿ ಇಟ್ಟು ಊದಬೇಕಾ? ತರಬೇತಿ ಇದ್ದವರು 30 ಒತ್ತಿಗೆ 2 ಸಲ ಊದುತ್ತಾರೆ. ಇಲ್ಲದಿದ್ದರೆ, ಇದ್ದಕ್ಕಿದ್ದಂತೆ ಕುಸಿದ ದೊಡ್ಡವರಿಗೆ ಬರೀ ಎದೆ ಒತ್ತಿದರೂ ಆದೀತು. ಬಿದ್ದ ಕ್ಷಣದಲ್ಲಿ ಅವರ ರಕ್ತದಲ್ಲಿ ಕೆಲವು ನಿಮಿಷಕ್ಕೆ ಆಗುವಷ್ಟು ಆಮ್ಲಜನಕ ಇನ್ನೂ ಇರುತ್ತದೆ, ಅದನ್ನು ಸುತ್ತಿಸಿದರೆ ಸಾಕು. ನಮ್ಮ ದೇಶದ ಅರಿವಳಿಕೆ ತಜ್ಞರ ಸಂಘ 2017ರಲ್ಲಿ ಸಾಮಾನ್ಯ ಜನರಿಗಾಗಿ ಮಾಡಿದ ಮಾರ್ಗಸೂಚಿ ಕೂಡ ಇದನ್ನೇ ಹೇಳುತ್ತದೆ. ನೀರಿನಲ್ಲಿ ಮುಳುಗಿದವರಿಗೆ, ಚಿಕ್ಕ ಮಕ್ಕಳಿಗೆ ಮಾತ್ರ ಇದು ಸಾಲದು. ಅಲ್ಲಿ ಮೊದಲು ನಿಂತಿರುವುದೇ ಉಸಿರು, ರಕ್ತದಲ್ಲಿ ಆಮ್ಲಜನಕ ಖಾಲಿ. ಗಾಳಿ ಕೊಡಲೇಬೇಕು. ಮನೆಯ ಸಂಪಿಗೆ ಬಿದ್ದ ಮಗುವನ್ನು ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ನಮ್ಮಲ್ಲಿ ಹಳೇ ರೂಢಿ. ಅದರಲ್ಲಿ ಹೋಗುವ ಹೊತ್ತು ವಾಪಸ್ ಬರುವುದಿಲ್ಲ. ಪುಟ್ಟ ಮಕ್ಕಳಿಗೆ ಎಷ್ಟು ಒತ್ತಬೇಕು, ಎಷ್ಟು ಊದಬೇಕು ಅನ್ನುವುದು ಓದಿ ಬರುವ ವಿದ್ಯೆಯಲ್ಲ. ಗೊಂಬೆಯ ಮೇಲೆ ಮಾಡಿ ನೋಡಬೇಕು.

ಪಾರ್ಟಿ ಹಾಲಿನಲ್ಲಿ ಒಂದು ಭಾನುವಾರ

ಆ ಗೊಂಬೆ ಬಗ್ಗೆ ಹೇಳಲೇಬೇಕು. ನಮ್ಮ ಅಪಾರ್ಟ್‌ಮೆಂಟಿನ ಪಾರ್ಟಿ ಹಾಲಿನಲ್ಲಿ ಒಂದು ಭಾನುವಾರ ಬೆಳಗ್ಗೆ ಕ್ಲಾಸು ಇಟ್ಟಿದ್ದರು. ಚಪ್ಪಲಿ ಹೊರಗೆ ಬಿಟ್ಟು ಗ್ರಾನೈಟ್ ನೆಲದ ಮೇಲೆ ಎಲ್ಲರೂ ಕೂತಿದ್ದರು. ಮಧ್ಯದಲ್ಲಿ ಅರ್ಧ ಮೈಯ ರಬ್ಬರ್ ಗೊಂಬೆಗಳು. ಸರಿಯಾದ ಆಳಕ್ಕೆ ಒತ್ತಿದರೆ ಒಳಗಿಂದ 'ಟಕ್' ಅಂತ ಸದ್ದು ಬರುತ್ತದೆ.

ಎರಡನೇ ಮಹಡಿಯ ಆಂಟಿ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಮೊದಲು ಮುಂದೆ ಬಂದರು. ಒತ್ತಿದರು. ಸದ್ದಿಲ್ಲ. ಮತ್ತೆ ಒತ್ತಿದರು. ಇಲ್ಲ.

'ಅಮ್ಮಾ, ಮೊಣಕೈ ಮಡಚಬೇಡಿ. ಕೈಯಿಂದ ಅಲ್ಲ, ಸೊಂಟದಿಂದ ಬಗ್ಗಿ' ಅಂದರು ಹೇಳಿಕೊಡುವವರು.

ಟಕ್.

'ಅಯ್ಯೋ, ಇಷ್ಟು ಜೋರಾಗಾ? ಎಲುಬು ಮುರಿಯಲ್ವಾ?'

'ಮುರಿಯಬಹುದು ಅಮ್ಮಾ. ಮುರಿದ ಎಲುಬು ಆಮೇಲೆ ಕೂಡುತ್ತೆ.'

ಹಾಲ್ ಗಪ್‌ಚುಪ್. ಎಲ್ಲರ ತಲೆಯಲ್ಲೂ ಇದ್ದ ಪ್ರಶ್ನೆ ಅದೇ ಅಲ್ವಾ? ಪಕ್ಕೆಲುಬು ಮುರಿಯುವುದು ಸಿಪಿಆರ್‌ನಲ್ಲಿ ಮಾಮೂಲು, ವಯಸ್ಸಾದವರಲ್ಲಂತೂ ಇನ್ನೂ ಜಾಸ್ತಿ. ಲಟಕ್ ಅಂದರೆ ಕೈಯ ಜಾಗ ಸರಿಯಿದೆಯಾ ನೋಡಿಕೊಂಡು ಮುಂದುವರಿಸಬೇಕು. ಎದುರಿಗಿರುವ ಮನುಷ್ಯನ ಹೃದಯ ನಿಂತಿದೆ. ಅದಕ್ಕಿಂತ ಕೆಟ್ಟದ್ದು ನೀವು ಮಾಡಲು ಏನೂ ಉಳಿದಿಲ್ಲ.

ಇನ್ನೊಂದು ಆ ದಿನ ಗೊತ್ತಾಗಿದ್ದು, ಇದು ಎಷ್ಟು ಸುಸ್ತಿನ ಕೆಲಸ ಅಂತ. ದಿನಾ ಜಿಮ್ಮಿಗೆ ಹೋಗುವ ಹುಡುಗನ ಗೊಂಬೆ ಮೊದಲು ಒಂದೇ ಸಮ ಟಕ್ ಟಕ್ ಅನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ಸದ್ದು ಒಂದು ಬಿಟ್ಟು ಒಂದು ಆಯಿತು. ಅವನಿಗೆ ಮಾತ್ರ ತಾನು ಚೆನ್ನಾಗೇ ಒತ್ತುತ್ತಿದ್ದೇನೆ ಅನ್ನಿಸುತ್ತಿತ್ತು. ಅದಕ್ಕೇ ಎರಡು ನಿಮಿಷಕ್ಕೊಮ್ಮೆ ಒತ್ತುವವರನ್ನು ಬದಲಾಯಿಸಿ ಅನ್ನುವುದು. ಅಂದರೆ ಮನೆಯಲ್ಲಿ ಒಬ್ಬರಿಗೆ ಬಂದರೆ ಸಾಲದು, ಇಬ್ಬರಿಗಾದರೂ ಬರಬೇಕು.

ಅಂದ ಹಾಗೆ, ಮೊದಲ ತರಬೇತಿ ಗೊಂಬೆ ಮಾಡಿದ್ದು ನಾರ್ವೆಯ ಒಬ್ಬ ಆಟಿಕೆ ತಯಾರಕ, ಓಸ್‌ಮುಂಡ್ ಲೇರ್ಡಾಲ್, 1960ರಲ್ಲಿ. ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಸಿಕ್ಕ ಅನಾಮಿಕ ಹುಡುಗಿಯದು ಎನ್ನಲಾಗುವ ಮುಖವಾಡವನ್ನು ನೋಡಿ ಗೊಂಬೆಗೆ ಮುಖ ಕೊಟ್ಟರು. ಯಾರೆಂದು ಕೊನೆಗೂ ಗೊತ್ತಾಗದ ಆ ಮುಖದ ಮೇಲೆ ಲೋಕದ ಎಷ್ಟೋ ಜನ ಉಸಿರು ಊದಿ ಕಲಿತಿದ್ದಾರೆ.

ಬಿದ್ದವರು ಹೆಂಗಸಾದರೆ? ಸುತ್ತ ನಿಂತವರು ಹಿಂಜರಿಯುತ್ತಾರೆ. ಇದು ನಮ್ಮೂರಿನದಷ್ಟೇ ಅಲ್ಲ. ಸಾರ್ವಜನಿಕ ಜಾಗದಲ್ಲಿ ಕುಸಿದ ಹೆಂಗಸರಿಗೆ ಗಂಡಸರಿಗಿಂತ ಕಮ್ಮಿ ಸಿಪಿಆರ್ ಸಿಗುತ್ತದೆ ಅಂತ ಅಮೆರಿಕದ ಅಧ್ಯಯನವೂ ಹೇಳಿದೆ. ಎದೆ ಒತ್ತಲು ಬಟ್ಟೆ ಬಿಚ್ಚಬೇಕಿಲ್ಲ. ಸೀರೆ, ಚೂಡಿದಾರ್ ಯಾವುದಿದ್ದರೂ ಮೇಲಿಂದಲೇ ಒತ್ತಬಹುದು. ಕೈ ಇರುವುದು ಮೂಳೆಯ ಮೇಲೆ. ಸುತ್ತ ನಿಂತು ವಿಡಿಯೋ ಮಾಡುವವರಿಗೆ ಒಂದು ದುಪಟ್ಟಾವನ್ನೋ ಬೆಡ್‌ಶೀಟನ್ನೋ ಅಡ್ಡ ಹಿಡಿದುಕೊಳ್ಳಲು ಹೇಳಿ. ಅವರಿಗೂ ಒಂದು ಕೆಲಸ ಆದಂತಾಯಿತು.

ಶಾಕ್ ಕೊಡುವ ಡಬ್ಬಿ

ಎದೆ ಒತ್ತುವುದು ಹೊತ್ತು ಕೊಳ್ಳುತ್ತದೆ ಅಂದೆ. ಕೆಟ್ಟ ಕರೆಂಟನ್ನು ಸರಿ ಮಾಡುವುದು ಶಾಕ್. ಅದಕ್ಕೆ ಎಇಡಿ ಅನ್ನುವ ಚಿಕ್ಕ ಯಂತ್ರ ಇದೆ. ವಿಮಾನ ನಿಲ್ದಾಣ, ಕೆಲವು ಕಂಪನಿ ಕ್ಯಾಂಪಸ್ಸು, ಕೆಲವು ಮಾಲ್‌ಗಳಲ್ಲಿ ಗೋಡೆಗೆ ಪೆಟ್ಟಿಗೆ ಹಾಕಿ ಇಟ್ಟಿರುತ್ತಾರೆ, ಹೃದಯದ ಚಿತ್ರದ ಮೇಲೆ ಮಿಂಚಿನ ಗುರುತು. ಆನ್ ಮಾಡಿದರೆ ಅದೇ ಮಾತಾಡಿ ಹೇಳಿಕೊಡುತ್ತದೆ. ಒಂದು ಪ್ಯಾಡು ಎದೆಯ ಬಲಗಡೆ ಕಾಲರ್‌ಬೋನಿನ ಕೆಳಗೆ, ಇನ್ನೊಂದು ಎಡ ಕಂಕುಳ ಕೆಳಗೆ ಪಕ್ಕೆಯ ಮೇಲೆ. ಇವನ್ನು ಬರಿಮೈಗೇ ಅಂಟಿಸಬೇಕು. ಬೆವರಿದ್ದರೆ ಒರೆಸಿ. ತಾಳಿ, ಸರ ಪ್ಯಾಡಿನ ಕೆಳಗೆ ಸಿಗದ ಹಾಗೆ ಪಕ್ಕಕ್ಕೆ ಸರಿಸಿ. ಶಾಕ್ ಬೇಕೋ ಬೇಡವೋ ಅಂತ ಯಂತ್ರವೇ ಲೆಕ್ಕ ಹಾಕುತ್ತದೆ. ಬೇಡದವರಿಗೆ ನೀವು ಕೊಡಬೇಕೆಂದರೂ ಅದು ಕೊಡುವುದಿಲ್ಲ. ಶಾಕ್ ಹೊಡೆಯುವಾಗ ಯಾರೂ ಮೈ ಮುಟ್ಟಬಾರದು, ಆದ ತಕ್ಷಣ ಮತ್ತೆ ಎದೆ ಒತ್ತಬೇಕು.

ಸಿನಿಮಾದಲ್ಲಿ ಪರದೆಯ ಮೇಲಿನ ಗೆರೆ ನೆಟ್ಟಗಾದ ಕೂಡಲೇ ಡಾಕ್ಟರು ಶಾಕ್ ಕೊಡುತ್ತಾರಲ್ಲ, ಅದು ಸುಳ್ಳು. ನೆಟ್ಟಗಾದ ಗೆರೆಗೆ ಶಾಕ್ ಕೆಲಸ ಮಾಡುವುದಿಲ್ಲ. ನಡುಗುತ್ತಿರುವ ಹೃದಯಕ್ಕೆ ಮಾತ್ರ.

2023ರಲ್ಲಿ ರಾಜ್ಯ ಸರ್ಕಾರ ಪುನೀತ್ ಹೆಸರಿನಲ್ಲೇ ಹೃದಯಜ್ಯೋತಿ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡಿ ಹೇಳುವುದು, ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುವುದು ಅದರ ತಿರುಳು. ಸಾರ್ವಜನಿಕ ಜಾಗಗಳಲ್ಲಿ ಎಇಡಿ ಇಡುವುದೂ ಅದರಲ್ಲಿ ಸೇರಿದೆ. ಒಳ್ಳೆಯದೇ. ಆದರೆ ಗೋಡೆಯ ಮೇಲಿನ ಡಬ್ಬಿಯನ್ನು ತೆಗೆದುಕೊಂಡು ಓಡಿ ಬರುವ ಧೈರ್ಯ ಯಾರಿಗಾದರೂ ಇರಬೇಕಲ್ಲ.

ಪೊಲೀಸ್, ಕೋರ್ಟು, ಕಾಫಿಪುಡಿ

'ಆಮೇಲೆ ಪೊಲೀಸ್ ಸ್ಟೇಷನ್ ಅಲೆಯೋದು ಯಾರು ಸ್ವಾಮಿ?' ಈ ಮಾತು ರಸ್ತೆ ಅಪಘಾತದ ಜಾಗದಲ್ಲಿ ಕೇಳದವರಿಲ್ಲ. ಈಗ ಕಾನೂನು ಬದಲಾಗಿದೆ. 2016ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ನೆರವಿಗೆ ಬಂದವರನ್ನು ಕಾಪಾಡುವ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು. ಅದೇ ವರ್ಷ ಕರ್ನಾಟಕದ ವಿಧಾನಮಂಡಲ ತನ್ನದೇ ಮಸೂದೆ ಒಪ್ಪಿತು, 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ 134ಎ ಅಂತ ಒಂದು ಕಲಂ ಸೇರಿತು. ಸಾರ ಇಷ್ಟು: ಗಾಯಾಳುವಿಗೆ ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು-ವಿಳಾಸ ಕೊಡು ಅಂತ ಬಲವಂತ ಮಾಡುವಂತಿಲ್ಲ. ಆಸ್ಪತ್ರೆಯವರು ದುಡ್ಡು ಕಟ್ಟು ಅಂತ ಹಿಡಿದು ಕೂರಿಸುವಂತಿಲ್ಲ. ದುಡ್ಡಿನ ಭಯಕ್ಕೆ ಇನ್ನೊಂದು ಉತ್ತರ ರಾಜ್ಯದ ಸಾಂತ್ವನ ಹರೀಶ್ ಯೋಜನೆ. ಅಪಘಾತವಾದ ಮೊದಲ 48 ಗಂಟೆ 25,000 ರೂಪಾಯಿವರೆಗಿನ ಚಿಕಿತ್ಸೆಯನ್ನು ಸರ್ಕಾರವೇ ನೋಡಿಕೊಳ್ಳಲಿ ಅಂತ 2016ರಲ್ಲಿ ತಂದಿದ್ದು.

ರಸ್ತೆ ಅಪಘಾತದಲ್ಲಿ ಸಿಪಿಆರ್‌ಗಿಂತ ಹೆಚ್ಚಾಗಿ ಬೇಕಾಗುವುದು ರಕ್ತ ನಿಲ್ಲಿಸುವುದು. ಕೈಗೆ ಸಿಕ್ಕ ಶುಭ್ರ ಬಟ್ಟೆ ಮಡಚಿ ಗಾಯದ ಮೇಲೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಐದು ಸೆಕೆಂಡಿಗೊಮ್ಮೆ ಎತ್ತಿ 'ನಿಂತಿತಾ' ಅಂತ ನೋಡಬಾರದು. ಬಟ್ಟೆ ನೆನೆದರೆ ಅದರ ಮೇಲೇ ಇನ್ನೊಂದು ಇಟ್ಟು ಒತ್ತಿ. ನಮ್ಮ ಮನೆಗಳಲ್ಲಿ ಈ ಹೊತ್ತಿಗೆ ಕಾಫಿಪುಡಿ ಡಬ್ಬಿ ಬಂದಿರುತ್ತದೆ. ಇಲ್ಲದಿದ್ದರೆ ಅರಿಶಿನ. ಆಮೇಲೆ ಗಾಯ ಹೊಲಿಯುವ ಮುಂಚೆ ಆ ಪುಡಿಯನ್ನೆಲ್ಲ ತೊಳೆದು ತೆಗೆಯುವುದೇ ಆಸ್ಪತ್ರೆಯವರಿಗೆ ಒಂದು ಕೆಲಸ. ಕಾಫಿಪುಡಿ ಫಿಲ್ಟರಿನಲ್ಲೇ ಇರಲಿ.

ಫಿಟ್ಸ್ ಬಂದವರ ಕೈಗೆ ಬೀಗದ ಕೈ ಗೊಂಚಲು ಕೊಡುವುದೂ ಇದೇ ಜಾತಿಗೆ ಸೇರಿದ್ದು. ಫಿಟ್ಸ್ ಬಹುಪಾಲು ಒಂದೆರಡು ನಿಮಿಷದಲ್ಲಿ ತಾನೇ ನಿಲ್ಲುತ್ತದೆ. ನಿಂತಾಗ ಕೈಯಲ್ಲಿ ಕಬ್ಬಿಣ ಇತ್ತು, ಹೆಸರು ಕಬ್ಬಿಣಕ್ಕೆ ಬಂತು. ಮಾಡಬೇಕಾದ್ದು ಬೇರೆ. ತಲೆ ಪೆಟ್ಟಾಗದಂತೆ ಕೆಳಗೆ ಮೆತ್ತಗಿನದೇನಾದರೂ ಇಟ್ಟು, ಪಕ್ಕಕ್ಕೆ ಹೊರಳಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚ, ಬೆರಳು, ನೀರು ಏನೂ ಹಾಕಬೇಡಿ. ಐದು ನಿಮಿಷ ದಾಟಿದರೆ 108. ಪ್ರಜ್ಞೆ ಇಲ್ಲದ ಯಾರ ಬಾಯಿಗೂ ನೀರು ಬಿಡಬಾರದು, ಅದು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಯಾರಾದರೂ ಬಿದ್ದ ಕೂಡಲೇ ನಾವು ಮೊದಲು ಕೂಗುವುದೇ 'ನೀರು ತನ್ನಿ' ಅಂತ.

ಗಂಟಲಲ್ಲಿ ಕಡಲೆಕಾಯಿಯೋ ಚಕ್ಕುಲಿ ಚೂರೋ ಸಿಕ್ಕಿಕೊಂಡರೆ, ಕೆಮ್ಮುತ್ತಿರುವವರೆಗೆ ಕೆಮ್ಮಲು ಬಿಡಿ. ಮಾತೂ ಕೆಮ್ಮೂ ನಿಂತುಹೋಯಿತು ಅಂದರೆ ಮುಂದಕ್ಕೆ ಬಗ್ಗಿಸಿ ಬೆನ್ನಿನ ಮೇಲೆ ಎರಡು ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಜೋರಾಗಿ ಹೊಡೆಯಿರಿ. ಹೋಗದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳ ಸ್ವಲ್ಪ ಮೇಲೆ ಮುಷ್ಟಿ ಇಟ್ಟು ಒಳಕ್ಕೂ ಮೇಲಕ್ಕೂ ಐದು ಸಲ ಎಳೆಯಿರಿ. ಹೋಗುವವರೆಗೆ ಎರಡನ್ನೂ ಒಂದಾದ ಮೇಲೊಂದು ಮಾಡಿ. ಒಂದು ವರ್ಷದೊಳಗಿನ ಮಗುವಿಗೆ, ಬಸುರಿಗೆ ಹೊಟ್ಟೆ ಎಳೆಯುವಂತಿಲ್ಲ, ಎದೆಯ ಮೇಲೆ ಒತ್ತಬೇಕು. ಕಾಣದ ವಸ್ತುವಿಗೆ ಬೆರಳು ಹಾಕಿ ತಡಕಾಡಿದರೆ ಇನ್ನೂ ಒಳಕ್ಕೆ ಹೋಗುತ್ತದೆ.

ಡೆನ್ಮಾರ್ಕ್ ಏನು ಮಾಡಿತು

2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಯೂರೋ ಪಂದ್ಯದ ನಡುವೆ ಡೆನ್ಮಾರ್ಕಿನ ಕ್ರಿಶ್ಚಿಯನ್ ಎರಿಕ್ಸನ್ ಮೈದಾನದಲ್ಲೇ ಕುಸಿದರು. ಅಲ್ಲೇ ಸಿಪಿಆರ್, ಅಲ್ಲೇ ಶಾಕ್. ಬದುಕಿದರು, ಮತ್ತೆ ಫುಟ್‌ಬಾಲ್ ಆಡಿದರು. ಅದು ಡಾಕ್ಟರುಗಳೇ ನಿಂತಿದ್ದ ಮೈದಾನ ಅನ್ನಬಹುದು. ಆ ದೇಶದ ಬೀದಿಯ ಕಥೆ ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. 2005ರಲ್ಲಿ ಅಲ್ಲಿ ಶಾಲೆಯಲ್ಲಿ ಇದನ್ನು ಕಲಿಸುವುದು ಕಡ್ಡಾಯವಾಯಿತು, 2006ರಿಂದ ಡ್ರೈವಿಂಗ್ ಲೈಸೆನ್ಸಿಗೂ. ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ಪಕ್ಕದವರಿಂದ ಸಿಪಿಆರ್ ಸಿಕ್ಕವರು 2001ರಲ್ಲಿ ನೂರಕ್ಕೆ 21. 2010ರಲ್ಲಿ 45. ಮೂವತ್ತು ದಿನ ದಾಟಿ ಬದುಕಿದವರು ಅದೇ ಅವಧಿಯಲ್ಲಿ ನೂರಕ್ಕೆ 3.5ರಿಂದ 10.8ಕ್ಕೆ ಏರಿದರು. ಚಿಕಿತ್ಸೆಯೂ ಸುಧಾರಿಸಿತ್ತು ನಿಜ, ಪೂರ್ತಿ ಹೆಸರು ಸಿಪಿಆರ್‌ಗೇ ಕೊಡಲಾಗದು. ಆದರೂ ಮೂರು ಪಟ್ಟು. ನಾವು ಲೈಸೆನ್ಸ್ ಕೊಡುವಾಗ ಎಂಟು ಹೊಡೆಸುತ್ತೇವೆ, ಬಿದ್ದವರನ್ನು ಏನು ಮಾಡಬೇಕು ಅಂತ ಕೇಳುವುದಿಲ್ಲ.

ಜನ ಸಿಪಿಆರ್ ಅಂದರೆ ರಸ್ತೆಯಲ್ಲಿ ಅಪರಿಚಿತರನ್ನು ಕಾಪಾಡುವ ಹೀರೋಗಿರಿ ಅಂದುಕೊಳ್ಳುತ್ತಾರೆ. ಲೆಕ್ಕ ಬೇರೆ ಇದೆ. ಆಸ್ಪತ್ರೆಯ ಹೊರಗೆ ಹೃದಯ ನಿಲ್ಲುವ ಪ್ರಕರಣಗಳಲ್ಲಿ ಬಹುಪಾಲು ಆಗುವುದು ಮನೆಯಲ್ಲಿ. ಬಚ್ಚಲು, ಹಾಲ್, ಬೆಡ್‌ರೂಮ್. ನೀವು ಯಾರ ಎದೆಯ ಮೇಲೆ ಕೈ ಇಡಬೇಕಾಗಬಹುದೋ ಅವರು ನಿಮ್ಮ ಅಪ್ಪ, ನಿಮ್ಮ ಗಂಡ, ನಿಮ್ಮ ಅಕ್ಕ. ಇನ್ನೊಂದು ಕಡೆಯಿಂದಲೂ ನೋಡಿ. ನೀವೊಬ್ಬರೇ ಕ್ಲಾಸಿಗೆ ಹೋಗಿ ಸರ್ಟಿಫಿಕೇಟ್ ತಂದಿರಿ ಅನ್ನೋಣ. ಬೀಳುವವರು ನೀವೇ ಆದರೆ? ಆ ಸರ್ಟಿಫಿಕೇಟು ನಿಮ್ಮ ಉಪಯೋಗಕ್ಕೆ ಬರುವುದಿಲ್ಲ. ನಿಮ್ಮ ಮನೆಯವರಿಗೆ ಬಂದರೆ ಮಾತ್ರ ನಿಮಗೆ ಉಪಯೋಗ. ಆದ್ದರಿಂದ ಗಂಡ ಹೆಂಡತಿ ಇಬ್ಬರೂ ಹೋಗಿ, ಹೈಸ್ಕೂಲಿನ ಮಕ್ಕಳನ್ನೂ ಕರೆದುಕೊಂಡು ಹೋಗಿ. ಅತ್ತೆ ಮಾವನಿಗೆ ನೆಲದ ಮೇಲೆ ಮಂಡಿಯೂರಲು ಆಗದಿದ್ದರೆ, ಬಿದ್ದವರನ್ನು ಗುರುತಿಸಿ 108ಕ್ಕೆ ಫೋನ್ ಮಾಡಿ ಬಾಗಿಲು ತೆಗೆಯುವುದಾದರೂ ಕಲಿಯಲಿ.

ಎಲ್ಲಿ ಕಲಿಯುವುದು? ಬೆಂಗಳೂರಿನ ರೇಸ್ ಕೋರ್ಸ್ ರಸ್ತೆಯ ರೆಡ್ ಕ್ರಾಸ್ ಭವನದಲ್ಲಿ ಕೇಳಿ, ಸೇಂಟ್ ಜಾನ್ ಆ್ಯಂಬುಲೆನ್ಸ್‌ನವರನ್ನು ಕೇಳಿ, ಹತ್ತಿರದ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗಕ್ಕೆ ಫೋನ್ ಮಾಡಿ. ಎಷ್ಟೋ ಆಸ್ಪತ್ರೆಗಳು ಅಪಾರ್ಟ್‌ಮೆಂಟಿಗೆ, ಕಂಪನಿಗೆ ತಾವೇ ಬಂದು ಹೇಳಿಕೊಡುತ್ತವೆ. ಅರ್ಧ ದಿನದ ಕೆಲಸ. ಕೈ ಕಲಿತದ್ದು ಕೆಲವು ತಿಂಗಳಲ್ಲೇ ಮರೆಯಲು ಶುರುವಾಗುತ್ತದೆ, ಹಾಗಾಗಿ ವರ್ಷಕ್ಕೊಮ್ಮೆ ಗೊಂಬೆಯ ಮುಂದೆ ಮತ್ತೆ ಕೂರಬೇಕು.

ಅಸೋಸಿಯೇಷನ್ ಮೀಟಿಂಗಿನಲ್ಲಿ ಈ ವಿಷಯ ಎತ್ತುವುದಾದರೆ ಸೆಕ್ಯುರಿಟಿಯವರನ್ನು ಮರೆಯಬೇಡಿ. ರಾತ್ರಿ ಎರಡು ಗಂಟೆಗೆ ಮೊದಲು ಓಡಿ ಬರುವವರು ಅವರೇ, ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿಕೊಡಬೇಕು. ಸ್ಟ್ರೆಚರ್ ಯಾವ ಲಿಫ್ಟಿನಲ್ಲಿ ಹಿಡಿಸುತ್ತದೆ ಅಂತ ಒಮ್ಮೆ ಅಳತೆ ನೋಡಿಟ್ಟುಕೊಳ್ಳಿ. ಗೇಟಿಗೆ ಆ್ಯಂಬುಲೆನ್ಸ್ ಬಂದರೆ ಯಾವ ಫ್ಲ್ಯಾಟು, ಯಾರನ್ನು ನೋಡಬೇಕು, ಇಲ್ಲಿ ಎಂಟ್ರಿ ಮಾಡಿ ಅಂತ ರಿಜಿಸ್ಟರ್ ಮುಂದೆ ಹಿಡಿಯಬಾರದು ಅನ್ನುವುದನ್ನೂ ಅದೇ ಮೀಟಿಂಗಿನಲ್ಲಿ ಬರೆಸಿಬಿಡಿ.